70ಕ್ಕೆ ಕುಣಿಯುವ ಜೀಪು, ಹುಬ್ಬಳ್ಳಿಯ ಬೋರ್ಡಿಲ್ಲದ ಪಟ್ಟಾ ಅಂಗಡಿ

ಈ ಅಂಗಡಿಗೆ ಬೋರ್ಡಿಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗೆ ಹೋಗಿ, ಲೇತ್ ಅಂಗಡಿಗಳನ್ನು ದಾಟಿ, ಯಾರನ್ನಾದರೂ "ಕಮಾನ್ ಪಟ್ಟಾ ಚಾಚಾ ಎಲ್ಲಿ" ಅಂತ ಕೇಳಿ. ತೋರಿಸುತ್ತಾರೆ. ಕಮಾನು ಅಂದರೆ ಗಾಡಿಯ ಭಾರ ಹೊರುವ ಬಾಗಿದ ಸ್ಪ್ರಿಂಗು, ಅದರಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳೇ ಪಟ್ಟಾ. ಹೊರಗೆ ತುಕ್ಕು ಹಿಡಿದ ಲಾರಿ ಪಟ್ಟಾಗಳ ರಾಶಿ. ಒಳಗೆ ಒಂದು ಕುಲುಮೆ, ಅದರ ಪಕ್ಕ ಕಬ್ಬಿಣ ಬಡಿಯುವ ಅಡಿಗಲ್ಲಿನ ಬದಲು ರೈಲು ಹಳಿಯ ತುಂಡು. ಕುರ್ಚಿ ಇರುವುದು ಒಂದೇ. ಅದರ ಮೇಲೆ ಯಾವಾಗಲೂ ಗ್ರೀಸ್ ಡಬ್ಬಿ ಕೂತಿರುತ್ತದೆ.

ನಾನು ಗದಗಿನವನು. ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪೋಸ್ಟರು. ಗಾಡಿ ರಿಪೇರಿ ನನ್ನ ಕಸುಬಲ್ಲ. ಆದರೆ ಅಪ್ಪ ಬಿಟ್ಟುಹೋದ 1994ರ ಮಹೀಂದ್ರಾ ಎಂಎಂ 540 ಇದೆ. ಪ್ಯೂಜೋ ಡೀಸೆಲ್ ಎಂಜಿನ್ನು, ಕೆಎ 25 ನಂಬರು. ಆ ಜೀಪಿನ ಮೇಲೆ ನನಗೆ ಹುಚ್ಚು. ಈ ಹುಚ್ಚೇ ಎಲ್ಲಾ ತೊಂದರೆಗೆ ಮೂಲ, ಅದನ್ನ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಮೆರಿಕದ ಹಾಟ್ ರಾಡ್ ಗಾಡಿಗಳ ಚಿತ್ರ ನೋಡಿದ್ದೀರಲ್ವಾ? 1932ರ ಫೋರ್ಡಿನ ಮಡ್‌ಗಾರ್ಡ್ ಬಿಚ್ಚಿ, ಮೂತಿ ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ದೊಡ್ಡ ಎಂಜಿನ್ ಕೂರಿಸಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆ ಬಯಲಿನಲ್ಲಿ ಓಡಿಸುತ್ತಿದ್ದರು. ಮೂತಿ ತಗ್ಗಿಸಿದ ಆ ಗತ್ತು ನನಗೆ ಬೇಕಿತ್ತು. ಎಂಜಿನ್, ಬಾಡಿ ಮುಟ್ಟುವ ಧೈರ್ಯ ಮಾಡಲಿಲ್ಲ. ಗಾಡಿಯ ಮೂಲ ರೂಪ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಆರ್‌ಟಿಓ ಬಾಗಿಲು ಸುತ್ತುವವರು ಯಾರು. ಸುಮ್ನೆ ಅಗಲದ ಟೈರು ಹಾಕಿಸಿದೆ. ಮುಂದಿನ ಎರಡೂ ಕಮಾನಿನಿಂದ ಎರಡೆರಡು ಪಟ್ಟಾ ತೆಗೆಸಿದೆ. ಮೂತಿ ಎರಡು ಇಂಚು ಇಳಿಯಿತು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ.

ಓಡಿಸಿದಾಗ ಗೊತ್ತಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದ ತನಕ ಆಕಳ ಹಾಗೆ ಹೋಗುತ್ತದೆ. 68 ಮುಟ್ಟಿದ ಕೂಡಲೇ ಮುಂಭಾಗ ಕುಣಿಯಲು ಶುರು. 70ರಲ್ಲಿ ಬಾನೆಟ್ಟಿನ ಕೊಂಡಿ ಕಟಕಟ ಅನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ. 78ರ ಮೇಲೆ ತಾನೇ ಕಡಿಮೆ ಆಗುತ್ತದೆ. ಆದರೆ ನನ್ನ ಜೀಪು 78 ದಾಟಲು ಇಳಿಜಾರು ಬೇಕು, ಬೆನ್ನಿಗೆ ಗಾಳಿಯೂ ಬೇಕು. ನಮ್ಮಾಕೆ ಒಂದು ಸಲ ಹುಬ್ಬಳ್ಳಿಗೆ ಬರುತ್ತಾ ಹುಲಕೋಟಿ ದಾಟುತ್ತಿದ್ದಂತೆ "ಬಸ್ಸಿಗೆ ಬರ್ತೇನಿ, ನಿಲ್ಲಸ್ರಿ" ಅಂದಳು. ತಮಾಷೆ ಮಾಡುತ್ತಿರಲಿಲ್ಲ. ನಿಜಕ್ಕೂ ಇದು ತಮಾಷೆಯ ವಿಷಯ ಅಲ್ಲ. ಪುಟಿಯುವ ಚಕ್ರ ಅಷ್ಟಷ್ಟು ಹೊತ್ತು ನೆಲ ಬಿಟ್ಟಿರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಾಕಿ ಏನು ಪ್ರಯೋಜನ?

ಚಾಚಾ ಹತ್ತಿರ ಹೋಗುವ ಮೊದಲು ನಾನು ಖರ್ಚು ಮಾಡಿದ್ದು ಹೇಳಿಬಿಡುತ್ತೇನೆ, ನಿಮಗಾದರೂ ಉಳಿಯಲಿ. ಒಂದು ಎಸಿ ಟೈರ್ ಅಂಗಡಿಯಲ್ಲಿ ಮೂರು ಸಲ ವೀಲ್ ಬ್ಯಾಲೆನ್ಸಿಂಗ್, 1,200 ರೂಪಾಯಿ. ಮೂರೂ ಸಲ ಮಷಿನ್ನಿನ ಪರದೆ ಮೇಲೆ ಸೊನ್ನೆ ಸೊನ್ನೆ ಬಂತು. ಮೂರೂ ಸಲ ಜೀಪು ಅಣ್ಣಿಗೇರಿ ಹತ್ತಿರ ಕುಣಿಯಿತು. ಅಲ್ಲೇ ಅಲೈನ್‌ಮೆಂಟಿಗೆ 900. ಕ್ಯಾಂಬರ್, ಕ್ಯಾಸ್ಟರ್ ಅಂತೆಲ್ಲ ಚಕ್ರ ವಾಲಿದ ಕೋನಗಳ ಬಣ್ಣದ ಪ್ರಿಂಟ್ ಕೊಟ್ಟರು. ಆಮೇಲೆ ತಿಳಿಯಿತು, ಜೀಪಿನ ಮುಂದಿನ ಎಕ್ಸಲ್ ಒಂದೇ ಗಟ್ಟಿ ತೊಲೆ, ಅದರಲ್ಲಿ ಸುಲಭವಾಗಿ ತಿರುಗಿಸಿ ಹೊಂದಿಸಬಹುದಾದದ್ದು ಟೋ ಒಂದೇ, ಅಂದರೆ ಎರಡೂ ಚಕ್ರದ ಮೂತಿ ಎಷ್ಟು ಒಳಗೆ, ಹೊರಗೆ ತಿರುಗಿದೆ ಅನ್ನುವುದು. ಪ್ರಿಂಟು ಮಾತ್ರ ಒಳ್ಳೇ ಆರ್ಟ್ ಪೇಪರಿನದು, ನನ್ನ ಕಸುಬಿನ ಕಣ್ಣಿಗೆ ಅದು ಬಿತ್ತು. ಅದೂ ಆಗಲಿಲ್ಲ ಅಂತ ಯಾರದೋ ಮಾತು ಕೇಳಿ ಮುಂದಕ್ಕೆ ಎರಡು ಗ್ಯಾಸ್ ಶಾಕ್ ಅಬ್ಸಾರ್ಬರ್, 9,600. ಕುಣಿತ ಕಡಿಮೆ ಆಗುವುದಿರಲಿ, ಸಣ್ಣ ತಗ್ಗಿಗೂ ಬೆನ್ನಿಗೆ ಗುದ್ದು ಬೀಳತೊಡಗಿತು. ಒಟ್ಟು 11,700 ರೂಪಾಯಿ ನೀರಿಗೆ ಹೋಯಿತು.

ನಮ್ಮ ಪ್ರೆಸ್ಸಿಗೆ ಪೇಪರ್ ತರುವ ಲಾರಿ ಡ್ರೈವರ್ ಚಾಚಾ ಅಂಗಡಿಯ ಗುರುತು ಹೇಳಿದ.

ಹೋದ ಕೂಡಲೇ ಜಾಕ್ ಹಾಕುತ್ತಾರೆ ಅಂದುಕೊಂಡಿದ್ದೆ. ಚಾಚಾ ಜೀಪು ಮುಟ್ಟಲಿಲ್ಲ. ಚಹಾ ಕುಡಿಯುತ್ತಲೇ ಕೇಳಿದರು.

"ಕೈಯಾಗ ಬರ್ತೈತೋ, ಕುಂಡಿಗೆ ಬರ್ತೈತೋ?"

ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ "ಕುಂಡಿಗೇ ಚಾಚಾ" ಅಂದೆ.

"ಹಂಗಾದ್ರ ಸ್ಟೇರಿಂಗ್ ಕಡೆ ಹೋಗೂದು ಬ್ಯಾಡ. ಒಂದ ಸ್ಪೀಡಿಗೆ ಕುಣೀತೈತೋ, ಎಲ್ಲಾದಕ್ಕೂ ಕುಣೀತೈತೋ? ಲಗುಲಗು ಕುಣೀತೈತೋ, ತೊಟ್ಲ ತೂಗಿದಂಗ ತೂಗತೈತೋ?"

ಈ ಪ್ರಶ್ನೆಗಳು ಎಷ್ಟು ಬೆಲೆಯವು ಅಂತ ಆಮೇಲೆ ಅರ್ಥ ಆಯಿತು. ಸ್ಟೀರಿಂಗ್ ಎಡ ಬಲ ಬಡಿದುಕೊಂಡರೆ ಅದು ಬೇರೆ ರೋಗ: ಟೈ ರಾಡ್ ಎಂಡ್, ಕಿಂಗ್ ಪಿನ್, ಸ್ಟೀರಿಂಗ್ ಬಾಕ್ಸ್ ನೋಡಬೇಕು. ಇಡೀ ಗಾಡಿ ತೊಟ್ಟಿಲ ಹಾಗೆ ನಿಧಾನಕ್ಕೆ, ಸೆಕೆಂಡಿಗೆ ಒಂದು ಎರಡು ಸಲ ತೂಗಿದರೆ ಶಾಕ್ ಸತ್ತಿವೆ ಅಂತ. ಒಂದೇ ವೇಗದಲ್ಲಿ ಲಗುಲಗು ಕುಣಿದರೆ ತಿರುಗುವ ಯಾವುದೋ ವಸ್ತು ಪ್ರತಿ ಸುತ್ತಿಗೂ ಒಂದು ಒದೆ ಕೊಡುತ್ತಿದೆ ಅಂತ.

ಪ್ರತಿ ಸುತ್ತಿಗೂ ಒಂದು ಒದೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ! ಆಫ್‌ಸೆಟ್ ಮಷಿನ್ನಿನ ರೋಲರ್ ಒಂದು ಕಡೆ ಕೂದಲೆಳೆಯಷ್ಟು ಉಬ್ಬಿದರೂ ಹಾಳೆ ಮೇಲೆ ಅಷ್ಟಷ್ಟೇ ಅಂತರಕ್ಕೆ ಗೆರೆ ಬೀಳುತ್ತದೆ. ಗೆರೆಗಳ ನಡುವಿನ ಅಂತರ ಅಳೆದರೆ ಯಾವ ರೋಲರ್ ಅಂತ ಹೇಳಬಹುದು. ಅಲ್ಲೇ ಬಿಲ್ಲಿನ ಹಿಂಬದಿಗೆ ಲೆಕ್ಕ ಹಾಕಿದೆ. ನನ್ನ 235/75 ಆರ್ 15 ಅಳತೆಯ ಟೈರಿನ ಒಂದು ಸುತ್ತು ಸುಮಾರು 2.3 ಮೀಟರ್. 70ರ ವೇಗ ಅಂದರೆ ಸೆಕೆಂಡಿಗೆ 19 ಮೀಟರಿಗೂ ಸ್ವಲ್ಪ ಜಾಸ್ತಿ. ಅಂದರೆ ಚಕ್ರ ಸೆಕೆಂಡಿಗೆ ಸುಮಾರು ಎಂಟೂವರೆ ಸುತ್ತು. ಎಕ್ಸಲ್ಲು, ಚಕ್ರ ಎರಡೂ ಸೇರಿ ಟೈರಿನ ಗಾಳಿ ಮೇಲೆ ಚೆಂಡಿನಂತೆ ಪುಟಿಯುವ ಸಹಜ ಲಯವೂ ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 12ರ ಒಳಗೇ ಬರುತ್ತದೆ. ಪಂಚಮಿ ಜೋಕಾಲಿ ಜೀಕಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸರಿಯಾದ ಹೊತ್ತಿಗೆ ಬೆರಳಲ್ಲಿ ದೂಡಿದರೂ ಸಾಕು, ಜೋಕಾಲಿ ಮಾಡಿಗೆ ಮುಟ್ಟುತ್ತದೆ. 60ರಲ್ಲಿ ದೂಡುವ ಹೊತ್ತು ತಪ್ಪುತ್ತದೆ, 80ರಲ್ಲೂ ತಪ್ಪುತ್ತದೆ. 70ರಲ್ಲಿ ಕೂಡಿಬರುತ್ತದೆ.

ಲೆಕ್ಕ ತೋರಿಸಿದೆ. ಚಾಚಾ ನೋಡಲಿಲ್ಲ. ಬಂಪರ್ ಮೇಲೆ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿದರು. "ಕೆಳಗ ನೋಡ್ರಿ ಸರ" ಅಂದರು. ಬಗ್ಗಿ ನೋಡಿದೆ. ಕಮಾನು ಅಲುಗಲೇ ಇಲ್ಲ. ಟೈರು ಮಾತ್ರ ಅಮುಕಿ ಎದ್ದಿತು. ಕಮಾನು ಕೆಲಸ ಮಾಡದಿದ್ದರೆ ಅದರ ಜೊತೆ ಆಡಬೇಕಾದ ಶಾಕ್ ಕೂಡ ಆಡುವುದಿಲ್ಲ. 9,600ರ ಶಾಕ್‌ಗಳು ಎರಡೂ ಬದಿಗೆ ಗೂಟದಂತೆ ನಿಂತಿದ್ದವು.

ಆಮೇಲೆ ಜಾಕ್ ಹಾಕಿದರು. ಬಲಗಡೆ ಚಕ್ರ ಎತ್ತಿ, ಸ್ಟ್ಯಾಂಡಿನ ಮೇಲೆ ಕೈ ಊರಿ, ಒಂದು ಚಾಕ್‌ಪೀಸನ್ನು ಟೈರಿನ ಮೈಗೆ ತಾಗಿಯೂ ತಾಗದಂತೆ ಹಿಡಿದರು. ಹುಡುಗ ಚಕ್ರ ತಿರುಗಿಸಿದ. ಟೈರು ಗುಂಡಗಿದ್ದರೆ ಬಿಳಿ ಗೆರೆ ಸುತ್ತಲೂ ಬೀಳಬೇಕು, ಇಲ್ಲಾ ಎಲ್ಲೂ ಬೀಳಬಾರದು. ಬಿದ್ದದ್ದು ಒಂದು ಗೇಣು ಜಾಗಕ್ಕೆ ಮಾತ್ರ. ಉಳಿದ ಕಡೆ ಚಾಕಿಗೂ ಟೈರಿಗೂ ನಡುವೆ ಬೆಳಕು ಕಾಣುತ್ತಿತ್ತು. ಸ್ಕೇಲ್ ಇಟ್ಟು ಅಳೆದೆವು, ಮೂರು ಮಿಲಿಮೀಟರ್. ರಿಮ್ಮಿನ ಅಂಚಿಗೂ ಹೀಗೇ ಹಿಡಿದು ನೋಡಿದರು. ರಿಮ್ ಸರಿ ಇತ್ತು. ಎಡಗಡೆ ಚಕ್ರದಲ್ಲಿ ಒಂದು ಮಿಲಿಮೀಟರೂ ಇರಲಿಲ್ಲ.

ಬಲಗಡೆ ರಿಮ್ಮಿಗೆ ಎಸಿ ಅಂಗಡಿಯವರು ಅಂಟಿಸಿದ ಸೀಸದ ತುಂಡುಗಳು ಹಾಗೇ ಹೊಳೆಯುತ್ತಿದ್ದವು. ಚಾಚಾ ಅದನ್ನ ಉಗುರಿನಲ್ಲಿ ತಟ್ಟಿ ಹೇಳಿದರು: "ತೂಕ ಸರಿ ಐತ್ರಿ. ಗುಂಡಗಿಲ್ಲ."

ಮೂರು ಸಲ ದುಡ್ಡು ಕೊಟ್ಟು ಅರ್ಥ ಆಗದ್ದು ಎರಡು ಮಾತಲ್ಲಿ ಅರ್ಥ ಆಯಿತು. ಬ್ಯಾಲೆನ್ಸಿಂಗ್ ಮಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ಎಲ್ಲಿ ಭಾರ ಜಾಸ್ತಿ ಅಂತ ಹೇಳುತ್ತದೆ. ಕೋಳಿಮೊಟ್ಟೆ ಆಕಾರದ ಚಕ್ರವನ್ನೂ ತೂಕದಲ್ಲಿ ಸರಿದೂಗಿಸಬಹುದು. ನೆಲಕ್ಕಿಟ್ಟಾಗ ಅದು ಮೊಟ್ಟೆಯಂತೇ ಉರುಳುತ್ತದೆ. ಹಿಂದಿನ ಮಳೆಗಾಲದಲ್ಲಿ ಜೀಪು ನಾಲ್ಕು ತಿಂಗಳು ನಿಂತಲ್ಲೇ ನಿಂತಿತ್ತು, ಬಲಗಡೆ ಟೈರಿನ ಗಾಳಿ ಇಳಿದೇ ಇತ್ತು. ಕಾರಣ ಅದೇ ಇರಬೇಕು ಅಂದರು ಚಾಚಾ. ರಿಮ್ ಮೇಲೆ ಟೈರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿದೆವು. ಮೂರು ಇದ್ದದ್ದು ಎರಡಕ್ಕೆ ಬಂತು. ಅದಕ್ಕಿಂತ ಇಳಿಯಲಿಲ್ಲ. ಅದೇ ಕಂಪನಿಯ ಹೊಸ ಟೈರು ತಂದೆ, ಹಳೇದು ಸ್ಟೆಪ್ನಿ ಆಯಿತು.

ಇನ್ನು ಕಮಾನು. ಇದನ್ನ ನೀವು ಅಲ್ಲೇ ನಿಂತು ನೋಡಬೇಕು. ಸೆಂಟರ್ ಬೋಲ್ಟ್ ಬಿಚ್ಚಿದಾಗ ಪಟ್ಟಾಗಳು ಬೇರೆ ಬೇರೆ ಆಗಲಿಲ್ಲ. ತುಕ್ಕಿನಿಂದ ಅಂಟಿಕೊಂಡಿದ್ದವು. ಉಳಿ ಇಟ್ಟು ಬಿಡಿಸಬೇಕಾಯಿತು. ಒಳಗಿಂದ ಕುಂಕುಮದ ಬಣ್ಣದ ಪುಡಿ ಉದುರಿತು. ಪ್ರತಿ ಪಟ್ಟಾದ ಹೊಟ್ಟೆಯಲ್ಲೂ ಅದರ ಕೆಳಗಿನ ಗಿಡ್ಡ ಪಟ್ಟಾದ ಮೂತಿ ಒಂದು ಗುಳಿ ತೋಡಿತ್ತು. ಚಾಚಾ ನನ್ನ ಹೆಬ್ಬೆರಳು ಹಿಡಿದು ಆ ಗುಳಿಯ ಮೇಲೆ ಎಳೆಸಿದರು. ಉಗುರು ಸಿಕ್ಕಿಕೊಂಡಿತು. "ನಿಮ್ಮ ಉಗುರ ದಾಟಲಿಲ್ಲ. ಪಟ್ಟಾ ಹೆಂಗ ದಾಟತೈತಿ?"

ಗ್ರೈಂಡರ್ ಹಿಡಿದು ಗುಳಿಗಳ ಅಂಚು ಸವರಿದರು. ಪ್ರತಿ ಪಟ್ಟಾದ ಮೂತಿಯನ್ನೂ ದುಂಡಗೆ ಮಾಡಿದರು. ಹಾಟ್ ರಾಡ್ ಕಟ್ಟುವವರು ಪಟ್ಟಾಗಳ ನಡುವೆ ಜಾರುವ ಪ್ಲಾಸ್ಟಿಕ್ ಪಟ್ಟಿ ಇಡುತ್ತಾರೆ, ಕಾರಣ ಇದೇ. 1932ರ ಫೋರ್ಡಿನಲ್ಲಿ ಮುಂದೆ ಅಡ್ಡಲಾಗಿ ಒಂದೇ ಕಮಾನು, ನಮ್ಮ ಜೀಪಿನಲ್ಲಿ ಉದ್ದಕ್ಕೆ ಎರಡು. ಆದರೆ ಗಟ್ಟಿ ಎಕ್ಸಲ್ಲು, ಪಟ್ಟಾ ಮೇಲೆ ಪಟ್ಟಾ ಇರುವ ಕಡೆಯೆಲ್ಲ ರೋಗ ಒಂದೇ. ಚಾಚಾ ಪ್ಲಾಸ್ಟಿಕ್ ಇಡಲಿಲ್ಲ. ಗ್ರಾಫೈಟ್ ಬೆರೆಸಿದ ಕರಿ ಗ್ರೀಸ್ ತೆಳ್ಳಗೆ ಸವರಿದರು, ನಮ್ಮ ಮನೆಯಲ್ಲಿ ರೊಟ್ಟಿಗೆ ಬೆಣ್ಣೆ ಸವರುವುದಕ್ಕಿಂತ ತೆಳ್ಳಗೆ.

ಆಮೇಲೆ ನಾನು ತೆಗೆಸಿದ ಎರಡು ಪಟ್ಟಾ ವಿಷಯ ಬಂತು. ಚಾಚಾ ಬೈಯಲಿಲ್ಲ. ಎಕ್ಸಲ್ ಮೇಲಿನ ರಬ್ಬರ್ ಸ್ಟಾಪರ್ ತೋರಿಸಿದರು. ಒಂದು ಬೆರಳು ಜಾಗ ಮಾತ್ರ ಉಳಿದಿತ್ತು. ಬಡಿದು ಬಡಿದು ರಬ್ಬರ್ ಕನ್ನಡಿಯಂತೆ ಹೊಳೆಯುತ್ತಿತ್ತು. ತಗ್ಗಿಗೆ ಬಿದ್ದು ಕಮಾನು ಅಮುಕಿದಾಗ ಶಾಕ್ ಕೂಡ ಅಷ್ಟೇ, ಒಳಗೆ ಹೋಗಲು ಜಾಗವೇ ಇಲ್ಲದೆ ತಳ ಮುಟ್ಟುತ್ತಿತ್ತು. ಬೆನ್ನಿಗೆ ಬೀಳುತ್ತಿದ್ದ ಗುದ್ದು ಅದೇ. "ಶಾಕ್ ಚಲೋ ಅದಾವ್ರಿ. ನೀವ ಅದಕ್ಕ ಜಾಗಾ ಕೊಟ್ಟಿಲ್ಲ" ಅಂದರು.

ಎರಡೂ ಪಟ್ಟಾ ಹಾಕಿದರೆ ನನ್ನ ಗತ್ತು ಹೋಗುತ್ತದೆ. ಚೌಕಾಸಿ ಮಾಡಿದೆ. ಕಡೆಗೆ ಒಂದು ಹಾಕುವುದು, ಉಳಿದವಕ್ಕೆ ಸ್ವಲ್ಪ ಕಮಾನು ಏರಿಸುವುದು ಅಂತ ಆಯಿತು. ಬಾಗು ಎಷ್ಟಿರಬೇಕು ಅಂತ ಚಾಚಾ ಮೊದಲು ನೆಲದ ಮೇಲೆ ಚಾಕಿನಲ್ಲಿ ಬರೆದುಕೊಂಡರು. ಒಂದೊಂದೇ ಪಟ್ಟಾವನ್ನು ಹಳಿ ಮೇಲಿಟ್ಟು ತಣ್ಣಗೇ ಬಡಿದರು, ಎರಡು ಬೆರಳಿಗೊಂದು ಪೆಟ್ಟು. ನಾಲ್ಕು ಪೆಟ್ಟಿಗೊಮ್ಮೆ ಗೆರೆ ಮೇಲಿಟ್ಟು ನೋಡುವುದು, ಮತ್ತೆ ಬಡಿಯುವುದು. ಕುಲುಮೆ ಪಕ್ಕದಲ್ಲೇ ಉರಿಯುತ್ತಿತ್ತಲ್ಲ, ಯಾಕೆ ಕಾಸುವುದಿಲ್ಲ ಅಂತ ಕೇಳಿದೆ. "ಕಾಸಿದ್ರ ಹದ ಹೋಗ್ತೈತಿ. ಮತ್ತ ಹದ ಕೂಡಸೂದು ಲಾರಿ ಪಟ್ಟಾಕ್ಕ ಇರ್ಲಿ. ಇದು ಇಷ್ಟಽ ತೆಳು ಐತಿ." ಎಡ ಬಲ ಎರಡೂ ಕಮಾನು ಒಂದರ ಪಕ್ಕ ಒಂದು ಇಟ್ಟಾಗ ಬಾಗು ಒಂದೇ ಸಮ ಇತ್ತು. ಅಷ್ಟು ಹೊತ್ತು ಟೇಪ್ ಮುಟ್ಟಿರಲಿಲ್ಲ.

ಕಮಾನಿನ ತುದಿಯ ತೂತಿಗೆ ರಬ್ಬರ್ ಬುಷ್ ಹೊಸವು ಹಾಕಿದರು, ಆ ತುದಿಯನ್ನು ಚಾಸಿಗೆ ಹಿಡಿಯುವ ಶಾಕಲ್ ಬೋಲ್ಟ್ ಕೈಬಿಗಿ ಮಾತ್ರ ಮಾಡಿದರು. ಜೀಪು ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿದರು. ಎತ್ತಿದಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಈ ಒಂದು ಕೆಲಸ ಎಷ್ಟು ಗ್ಯಾರೇಜಿನಲ್ಲಿ ಸರಿಯಾಗಿ ಮಾಡುತ್ತಾರೆ, ನೀವೇ ಗಮನಿಸಿ ನೋಡಿ.

ಕಡೆಗೆ ಗಾಳಿ. ಪೆಟ್ರೋಲ್ ಬಂಕಿನ ಹುಡುಗರು ಎಲ್ಲಾ ಗಾಡಿಗೂ 35 ತುಂಬುತ್ತಾರೆ, ನನ್ನದಕ್ಕೂ ತುಂಬಿದ್ದರು. ಮೂತಿಯ ಮೇಲೆ ಅಷ್ಟು ಭಾರ ಇಲ್ಲದ ಜೀಪು, ಅಗಲದ ಟೈರು, 35 ಗಾಳಿ. ಚೆಂಡಾಗದೆ ಇನ್ನೇನು? ಚಾಚಾ ಮುಂದೆ 26ಕ್ಕೆ ಇಳಿಸಿದರು. ಇದು ನನ್ನ ಜೀಪಿಗೆ, ನನ್ನ ಟೈರಿಗೆ. ನಿಮ್ಮದಕ್ಕೆ ಕೇಳಿ ಹಾಕಿಸಿಕೊಳ್ಳಿ.

ಗಬ್ಬೂರು ದಾಟಿ ಹಾವೇರಿ ದಿಕ್ಕಿಗೆ ವರೂರಿನ ತನಕ ಓಡಿಸಿದೆವು, ಚಾಚಾ ಪಕ್ಕದಲ್ಲಿ. 65. 68. ನಾನು ಹಲ್ಲು ಕಚ್ಚಿ ಹಿಡಿದಿದ್ದೆ. 70. 72. ಬಾನೆಟ್ ಕೊಂಡಿ ಸುಮ್ಮನಿತ್ತು. ಕನ್ನಡಿಯಲ್ಲಿ ಲಾರಿ ಒಂದೇ ಇತ್ತು. 75ರಲ್ಲಿ ಸೀಟಿನಡಿ ಸಣ್ಣಗೆ ಗುಂಯ್ ಅನ್ನುವ ಅದುರು ಇದೆ, ಈಗಲೂ ಇದೆ. ಡೀಸೆಲ್ ಜೀಪಿನಲ್ಲಿ ಅದೂ ಬೇಡ ಅನ್ನುವವರು ಕಾರು ತಗೊಳ್ಳಲಿ. ಚಾಚಾ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ನಿದ್ದೆ ಅಂದುಕೊಂಡೆ. "ಹಿಂದಿನ ಎಡಗಡೆ ಬುಷ್ ಹೋಗೈತಿ" ಅಂದರು, ಕಣ್ಣು ತೆರೆಯದೆ.

ಗದಗಿಗೆ ವಾಪಸ್ ಹೋಗುವಾಗ ಅಣ್ಣಿಗೇರಿಯ ಈಚೆ ಒಂದೆರಡು ಕಡೆ ಜೀಪು ತೂಗಿತು. ಗಾಬರಿಯಾಗಿ ಗಾಡಿ ನಿಲ್ಲಿಸಿ ಫೋನ್ ಮಾಡಿದೆ. ಪುಣ್ಯಕ್ಕೆ ಆವತ್ತು ಎತ್ತಿದರು. "ತೂಗಿತೋ, ಕುಣೀತೋ?" ತೂಗಿತು ಅಂದೆ. "ಅದು ಎರಿ ಭೂಮಿರಿ ಸರ. ಮಳಿಗೆ ಉಬ್ಬತೈತಿ, ಬ್ಯಾಸಿಗೆಗೆ ಬಿರೀತೈತಿ. ರೋಡ್ ತೂಗಿದ್ರ ನಾ ಏನ್ ಮಾಡ್ಲಿ?" ಮಾರನೇ ದಿನ ಅದೇ ಜಾಗದಲ್ಲಿ ಬಸ್ಸಿನಲ್ಲಿ ಹೋಗುವಾಗ ಗಮನಿಸಿದೆ. ಬಸ್ಸೂ ತೂಗಿತು.

ಖರ್ಚು: ಕೆಲಸಕ್ಕೆ 2,800. ಪಟ್ಟಾ, ಬುಷ್, ಕಮಾನನ್ನು ಎಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್, ಗ್ರೀಸ್ ಸೇರಿ 2,450. ಟೈರು 6,900. ಒಟ್ಟು 12,150. ಮೊದಲು ಕಳಕೊಂಡದ್ದಕ್ಕೂ ಇದಕ್ಕೂ 450 ರೂಪಾಯಿ ವ್ಯತ್ಯಾಸ.

ಈಗ ದೂರುಗಳು. ಎರಡು ದಿನ ಅಂದವರು ಆರು ದಿನ ಮಾಡಿದರು. ನಡುವೆ ಒಂದು ಲಾರಿ ಬಂದರೆ ನಿಮ್ಮ ಗಾಡಿ ಮೂಲೆಗೆ. ಹೊಟ್ಟೆಪಾಡು ಲಾರಿಯದು, ಅರ್ಥ ಆಗುತ್ತದೆ, ಆದರೆ ಗದಗಿನಿಂದ ಬಂದು ಹೋಗುವವನಿಗೆ ಹೇಳಬೇಕಲ್ವಾ? ಬಿಲ್ ಇಲ್ಲ, ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದರೆ ನಾಲ್ಕರ ತನಕ ಯಾರೂ ಇರುವುದಿಲ್ಲ. ಎಡಗಡೆ ಮಡ್‌ಗಾರ್ಡಿಗೆ ಹುಡುಗನ ಸ್ಪ್ಯಾನರ್ ತಾಗಿ ಅಂಗೈ ಉದ್ದ ಬಣ್ಣ ಹೋಯಿತು. ಚಾಚಾ ಅದನ್ನ ನೋಡಿ ಗ್ರೀಸ್ ಬಟ್ಟೆಯಲ್ಲಿ ಒರೆಸಿದರು, ಅಷ್ಟೇ. ಫೋನ್ ಅಂತೂ ಹತ್ತು ಸಲಕ್ಕೆ ಒಂದು ಸಲ ಎತ್ತುತ್ತಾರೆ. ಹೊಸ ಕಾರಿನವರು, ಕಾಯಿಲ್ ಸ್ಪ್ರಿಂಗಿನವರು ಇಲ್ಲಿಗೆ ಹೋಗಬೇಡಿ. ಅವರೇ ವಾಪಸ್ ಕಳಿಸುತ್ತಾರೆ. ಜೀಪು, ಟೆಂಪೊ, ಟ್ರ್ಯಾಕ್ಸ್ ಇದ್ದವರು ಹೋಗಿ. ಬೆಳಿಗ್ಗೆ ಹತ್ತರ ಮೊದಲು ಹೋಗಿ, ಕೆಲಸ ಮುಗಿಯುವ ತನಕ ಅಲ್ಲೇ ನಿಂತಿರಿ.

500 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಸಬೇಕು, ಪಟ್ಟಾ ಕೂತ ಮೇಲೆ ಸಡಿಲ ಆಗುತ್ತವೆ ಅಂದಿದ್ದರು. ಹೋದ ವಾರ ಹೋಗಿದ್ದೆ. ಎಂಟೂ ನಟ್ ಕಾಲು ಸುತ್ತು ಬಿಗಿಯಾದವು. ದುಡ್ಡು ತಗೊಳ್ಳಲಿಲ್ಲ. ಗ್ರೀಸ್ ಡಬ್ಬಿ ಎತ್ತಿಟ್ಟು ಕುರ್ಚಿ ಕೊಟ್ಟರು. ಆಗಲೇ ಏನೋ ಇದೆ ಅನಿಸಿತು. ಮಗಳ ಮದುವೆ, ಮುನ್ನೂರು ಕಾರ್ಡು ಬೇಕಂತೆ. ರೇಟ್ ಹೇಳಿದೆ. "ಕಡಿಮಿ ಮಾಡ್ರಿ ಸರ" ಅಂದರು. ಮಾಡಿದೆ. ಕನ್ನಡ, ಉರ್ದು ಎರಡರಲ್ಲೂ ಪ್ರೂಫ್ ತೆಗೆದು ಇಟ್ಟಿದ್ದೇನೆ, ದಿನಾಂಕ ಒಂದು ಸಲ ಕೇಳಿ ಖಚಿತ ಮಾಡಿಕೊಳ್ಳಬೇಕು. ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ.